ಕೊಳ್ಳುವ ಮುನ್ನ ಮುಳುಗಿಸಿ ನೋಡಿ

ಸೊರಬ–ಶಿಕಾರಿಪುರದ ಕೆರೆ ಏರಿಗೂ ಅಲ್ಯೂಮಿನಿಯಂ ದೋಣಿಯ ಆಸೆ ಬಂದಿದೆ. ಎಂಜಿನ್ನು, ಬಣ್ಣ, ಕುರ್ಚಿಯ ಮಾತು ಆಮೇಲಿರಲಿ. ತಳ ಎಷ್ಟು ಅಗಲ? ಅಂಚು ಎಷ್ಟು ನಯ? ನೀರು ತುಂಬಿಕೊಂಡರೂ ತೇಲುತ್ತದೆಯೇ? ಮೊದಲ ದೋಣಿ ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಇವು.

ಪುಷ್ಯ ಮಳೆ ಹಿಡಿದು ನಾಲ್ಕು ದಿನವಾಗಿದೆ. ಕೆರೆ ಇನ್ನೂ ಕೋಡಿ ಬಿದ್ದಿಲ್ಲ, ಇವತ್ತೋ ನಾಳೆಯೋ ಎಂಬಂತೆ ನೀರು ಕೋಡಿಗಲ್ಲಿನ ಅಂಚಿಗೆ ಬಂದು ನಿಂತಿದೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ನಾಲ್ಕೈದು ಜನ ಏರಿಯ ಮೇಲಿದ್ದಾರೆ. ಕೆಳಗೆ ಒಂದು ತೆಪ್ಪ, ಅದರೊಳಗೆ ಇಬ್ಬರು. ಒಬ್ಬ ಹುಟ್ಟು ಹಾಕುತ್ತಾನೆ, ಇನ್ನೊಬ್ಬ ಬಲೆ ಬಿಡುತ್ತಾನೆ. ಪಡುವಣ ಗಾಳಿ ಬೀಸಿದಾಗೆಲ್ಲ ತೆಪ್ಪ ಅರ್ಧ ಸುತ್ತು ತಿರುಗಿ, ಬಿಟ್ಟ ಬಲೆಯ ಮೇಲೇ ಬರುತ್ತದೆ. ಹುಟ್ಟಿನವನು ಮತ್ತೆ ಅದನ್ನು ದಾರಿಗೆ ತರಬೇಕು.

ಏರಿಯ ಮೇಲಿರುವ ಹುಡುಗನ ಮೊಬೈಲಿನಲ್ಲಿ ಬೇರೆಯದೇ ಕೆರೆ. ಬೆಳ್ಳಿಯಂತೆ ಹೊಳೆಯುವ ದೋಣಿ, ಹಿಂದೆ ಮೋಟರು, ನಡುವೆ ತಿರುಗುವ ಕುರ್ಚಿ. ಗಾಳ ಎಸೆದವನು ಆರಾಮಾಗಿ ನಿಂತಿದ್ದಾನೆ.

‘ಅಣ್ಣ, ಇಂಥದ್ದೊಂದು ನಮ್ ಕೆರೆಗೆ ತಂದ್ರೆ ಹೆಂಗೆ?’

ತರಬಹುದು. ಆದರೆ ಆ ವಿಡಿಯೊದಲ್ಲಿರುವ ದೋಣಿ ಬೇರೆ ನೀರಿಗೆ, ಬೇರೆ ಕೆಲಸಕ್ಕೆ ಮಾಡಿದ್ದು. ಅದರಲ್ಲಿ ನಮಗೆ ಬೇಕಾದ್ದು ಯಾವುದು, ದುಡ್ಡು ತಿನ್ನುವುದು ಯಾವುದು ಎಂದು ಬೇರ್ಪಡಿಸಿಕೊಳ್ಳದೆ ಹೊರಟರೆ ಒಂದು ವರ್ಷದ ಮೀನಿನ ಗಳಿಕೆ ಏರಿಯ ಪಕ್ಕದಲ್ಲಿ ಮಗುಚಿ ಬಿದ್ದಿರುತ್ತದೆ.

ಕೆರೆಗಳ ನಾಡಿನಲ್ಲಿ

ಸೊರಬ ತಾಲ್ಲೂಕಿನ ಕ್ಯಾಸನೂರು ಎಂದರೆ ಹೊರಗಿನವರಿಗೆ ನೆನಪಾಗುವುದು ಕಾಯಿಲೆ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ವೈರಸ್ಸಿಗೆ ಈ ಊರಿನ ಹೆಸರೇ ಉಳಿದುಬಿಟ್ಟಿತು. ಇಲ್ಲಿಯವರಿಗೆ ಅದು ಮಂಗನ ಕಾಯಿಲೆ. ಸೊರಬದ ಬದುಕನ್ನು ನಡೆಸುವುದು ಮಾತ್ರ ಕೆರೆ. ಗದ್ದೆ, ಅಡಿಕೆ ತೋಟ, ದನದ ಮೈ ತೊಳೆಯುವುದು, ಮೀನು ಎಲ್ಲವೂ ಕೆರೆಯ ಸುತ್ತಲೇ. ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಕುತ್ಸ್ಥವರ್ಮ ದೊಡ್ಡ ಕೆರೆ ಮಾಡಿಸಿದ ಸಂಗತಿಯನ್ನು ಅಲ್ಲಿನ ಸ್ತಂಭ ಶಾಸನವೇ ಹೇಳುತ್ತದೆ. ಅದು 5ನೇ ಶತಮಾನದ ಮಾತು.

ಇಷ್ಟು ಕೆರೆಗಳಿದ್ದರೂ ಈ ಭಾಗದ ಹೆಸರುವಾಸಿ ಮೀನುಗಾರಿಕೆಗೆ ದೋಣಿಯೇ ಬೇಡ. ಬೇಸಿಗೆಯಲ್ಲಿ ನೀರು ಮೊಣಕಾಲು, ಸೊಂಟಕ್ಕೆ ಇಳಿದ ಮೇಲೆ ಊರಿಗೆ ಊರೇ ಬಿದಿರಿನ ಕೂಣಿ ಹಿಡಿದು ಕೆರೆಗಿಳಿಯುವ ಕೆರೆಬೇಟೆ ಅದು. ಕಾಲೇ ದೋಣಿ, ಕೂಣಿಯೇ ಬಲೆ.

ದೋಣಿ ಬೇಕಾಗುವುದು ಅದಕ್ಕೂ ಮುಂಚಿನ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಯ ಮರಿ ಬಿಡುವ ಕೆರೆಗಳಲ್ಲಿ ನೀರು ತುಂಬಿರುವಷ್ಟು ಕಾಲ ಬಲೆ ಬಿಡಬೇಕು, ಎತ್ತಬೇಕು, ಕಳ್ಳಬಲೆ ಬೀಳದಂತೆ ಕಾಯಬೇಕು. ಉಳಿದ ಕಾಲ ದೋಣಿ ನೆಲದ ಮೇಲೆ. ವರ್ಷದ ಬಹುಪಾಲು ದಡದಲ್ಲಿರುವ, ಇಬ್ಬರು ಹೊತ್ತು ತರಬೇಕಾದ, ಜೊಂಡು–ತಾವರೆ–ಮರದ ಬುಡಗಳ ನಡುವೆ ತೂರಬೇಕಾದ ದೋಣಿ ನಮಗೆ ಬೇಕು. ಹುಡುಕಾಟ ಇಲ್ಲಿಂದ ಶುರುವಾಗಬೇಕು.

ತೆಪ್ಪ ಕಲಿಸಿದ ಪಾಠ

ತೆಪ್ಪವನ್ನು, ಅಂದರೆ ಹರಿಗೋಲನ್ನು, ಹಳೆಯದೆಂದು ಬದಿಗಿಡುವ ಮುಂಚೆ ಅದನ್ನು ಸರಿಯಾಗಿ ನೋಡಬೇಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು–ಇಪ್ಪತ್ತು ಜನ ಹಿಡಿಸುತ್ತಾರೆ, ಕುದುರೆ–ಎತ್ತುಗಳನ್ನೂ ದಾಟಿಸುತ್ತಾರೆ, ದೋಣಿ ಸದಾ ತಿರುಗುತ್ತಲೇ ಇರುತ್ತದೆ ಎಂದು ಬರೆದಿಟ್ಟ. ಐನೂರು ವರ್ಷ ಕಳೆದ ಮೇಲೂ ಆ ವಿನ್ಯಾಸ ಬದಲಾಗಿಲ್ಲ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಡಾಂಬರು ಬಂತು, ಈಗ ಇಡೀ ತೆಪ್ಪವೇ ಫೈಬರ್ ಆಗಿದೆ.

ಅದು ಉಳಿದದ್ದಕ್ಕೆ ಕಾರಣಗಳಿವೆ. ತಳ ಚಪ್ಪಟೆ, ಹಾಗಾಗಿ ಗೇಣುದ್ದ ನೀರಿನಲ್ಲೂ ಹೋಗುತ್ತದೆ. ದುಂಡಗಿರುವುದರಿಂದ ಯಾವ ಕಡೆಯಿಂದಲಾದರೂ ಬಲೆ ಎಳೆಯಬಹುದು. ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು. ಇವೆಲ್ಲಕ್ಕಿಂತ ದೊಡ್ಡದು, ಬಿದಿರು ತಾನೇ ತೇಲುವ ವಸ್ತು. ಮಗುಚಿದರೂ ಬಿದಿರಿನ ತೆಪ್ಪ ನೀರಿನ ಮೇಲೇ ಇರುತ್ತದೆ, ಬಿದ್ದವನಿಗೆ ಹಿಡಿದುಕೊಳ್ಳಲು ಏನೋ ಒಂದು ಉಳಿಯುತ್ತದೆ.

ಬಿದಿರಿಗೆ ತನ್ನದೇ ಕಷ್ಟವಿದೆ. ಹೂಬಿಟ್ಟು ಹಿಂಡುಹಿಂಡಾಗಿ ಒಣಗಿದ ಮೆಳೆಗಳು ಮತ್ತೆ ಬೆಳೆಯಲು ವರ್ಷಗಳು ಬೇಕು. ಕಾಡಿಗೆ ಹೋಗಿ ಕಡಿಯುವ ಒಣ ತಿಂಗಳುಗಳೇ ಮಂಗನ ಕಾಯಿಲೆ ಹರಡುವ ಉಣುಗುಗಳ ಕಾಲ. ಹೆಣೆಯುವ ಕೈಗಳೂ ಕಡಿಮೆಯಾಗುತ್ತಿವೆ. ಫೈಬರ್ ಆಗಲಿ ಅಲ್ಯೂಮಿನಿಯಂ ಆಗಲಿ ಬರುತ್ತಿರುವುದು ಈ ಖಾಲಿ ಜಾಗಕ್ಕೆ.

---
ಬಾಕ್ಸ್: ಉಣುಗಿನ ಕಾಲ

ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ನವೆಂಬರ್–ಡಿಸೆಂಬರ್‌ನಿಂದ ಮೇ ತನಕ. ಕಾಡಂಚಿನ ಕೆರೆಗೆ ಹೋಗುವ ಕಾಲುದಾರಿ, ದಡದ ಒಣ ಎಲೆ ಉಣುಗಿನ ತಾಣ. ಆ ತಿಂಗಳುಗಳಲ್ಲಿ ದೋಣಿ ಎಳೆಯಲು ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಕಾಲು ಮುಚ್ಚುವ ಬಟ್ಟೆ ತೊಟ್ಟು ಹೋಗಬೇಕು. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಹತ್ತಿರದಲ್ಲಿ ಸತ್ತ ಮಂಗ ಕಂಡರೆ ಆ ದಡ ಬಿಟ್ಟು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

---

ವಿಮಾನದ ತಗಡು ನೀರಿಗಿಳಿದ ಕಥೆ

ಅಲ್ಯೂಮಿನಿಯಂ ದೋಣಿ ಜನಸಾಮಾನ್ಯರ ಕೈಗೆ ಬಂದದ್ದು ವಿಮಾನ ಕಾರ್ಖಾನೆಯ ದಾರಿಯಲ್ಲಿ. ಅಮೆರಿಕದ ಗ್ರಮನ್ ಕಂಪನಿ ಎರಡನೇ ಮಹಾಯುದ್ಧಕ್ಕೆ ಯುದ್ಧವಿಮಾನ ಮಾಡುತ್ತಿತ್ತು. ಅದರ ಅಧಿಕಾರಿ ವಿಲಿಯಂ ಹಾಫ್‌ಮನ್ 1944ರಲ್ಲಿ ಮರ ಮತ್ತು ಬಟ್ಟೆಯ ಭಾರದ ದೋಣಿಯನ್ನು ಹೊತ್ತು ಸುಸ್ತಾಗಿ, ವಿಮಾನದ ತಗಡಿನಲ್ಲೇ ಏಕೆ ಮಾಡಬಾರದು ಎಂದು ಯೋಚಿಸಿದ. ಯುದ್ಧ ಮುಗಿಯುತ್ತಿದ್ದಂತೆ ಅದೇ ಕಾರ್ಖಾನೆಯಿಂದ ದೋಣಿಗಳು ಹೊರಬಂದವು.

ಹಗುರವೇ ಅದರ ಗುಣ. ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ದಪ್ಪದ, ಅಂದರೆ 1.6 ಮಿ.ಮೀ. ಅಲ್ಯೂಮಿನಿಯಂ ತಗಡು ಚದರ ಮೀಟರಿಗೆ 4.3 ಕೆ.ಜಿ. ತೂಗುತ್ತದೆ. ಅದೇ ದಪ್ಪದ ಕಬ್ಬಿಣವಾದರೆ 12.5 ಕೆ.ಜಿ. ದಾಟುತ್ತದೆ. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ದೋಣಿ ಅಡ್ಡಪಟ್ಟಿ, ಕೂರುವ ಹಲಗೆ ಸೇರಿ ಸುಮಾರು 60 ಕೆ.ಜಿ.ಗೆ ಮುಗಿಯಬಹುದು. ಇಬ್ಬರು ಹೊರಬಹುದು, ಸಣ್ಣ ಪಿಕಪ್ಪಿನಲ್ಲಿ ಹೇರಬಹುದು.

ನಮ್ಮಲ್ಲಿ ಇದನ್ನು ಹೆಚ್ಚಾಗಿ ಅಳತೆ ಕೊಟ್ಟೇ ಮಾಡಿಸಬೇಕಾಗುತ್ತದೆ. ಅದನ್ನು ಅನುಕೂಲವೆಂದೇ ತಿಳಿಯಬೇಕು. ಯಾರದೋ ಕೆರೆಗೆ ಮಾಡಿದ್ದನ್ನು ತರುವ ಬದಲು ನಮ್ಮ ಕೆರೆಗೆ ಬೇಕಾದ್ದನ್ನೇ ಹೇಳಿ ಮಾಡಿಸಬಹುದು.

ತಳ ನೋಡಿ, ಆಮೇಲೆ ಮೂತಿ

ದೋಣಿಯ ಮೊದಲ ಪ್ರಶ್ನೆ ತಳದ್ದು. ಚೂಪು ತಳದ ದೋಣಿ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ಚಪ್ಪಟೆ ತಳದ್ದು ಅಲೆಯ ಮೇಲೆ ಬಡಿದುಕೊಳ್ಳುತ್ತದೆ. ಆದರೆ ಚೂಪು ತಳಕ್ಕೆ ಆಳ ಬೇಕು, ಮತ್ತು ನಿಂತಲ್ಲಿ ಅದು ಹೊಯ್ದಾಡುತ್ತದೆ.

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ದುಡಿಯುವವರಿಗೆ ಚೂಪು ಮೂತಿ ಬೇಕು. 1964ರಲ್ಲಿ ಶರಾವತಿಗೆ ಕಟ್ಟಿದ ಆ ಅಣೆಕಟ್ಟಿನ ಹಿಂದೆ ಗಾಳಿಗೆ ಮೈಲಿಗಟ್ಟಲೆ ಬಯಲು ಸಿಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಲೆ ಏಳುತ್ತದೆ. ಶಿಕಾರಿಪುರದ ಅಂಜನಾಪುರ ಜಲಾಶಯ ಅಷ್ಟು ಒರಟಲ್ಲ. ಅಲ್ಲಿಗೆ ಮುಂದೆ ತುಸು ಚೂಪು, ಹಿಂದೆ ಚಪ್ಪಟೆ ಇರುವ ದೋಣಿ ಹೊಂದುತ್ತದೆ. ಕ್ಯಾಸನೂರಿನ ಸುತ್ತಿನ ಕೆರೆಗಳಿಗಾದರೆ ನನ್ನ ಮಾತು ಒಂದೇ: ಪೂರ್ತಿ ಚಪ್ಪಟೆ ತಳ, ಅಗಲವಾದ ಮೂತಿ. ಮೂತಿ ಅಗಲವಿದ್ದರೆ ಅಲ್ಲಿ ನಿಂತು ಬಲೆ ಎಳೆಯಬಹುದು, ಜೊಂಡಿನ ಮೇಲೆ ಹತ್ತಿಸಿ ನಿಲ್ಲಿಸಬಹುದು.

ಅಗಲದಲ್ಲಿ ಜಿಪುಣತನ ಬೇಡ. ತಳವೇ ನಾಲ್ಕು ಅಡಿ ಇರಬೇಕು. ಮೇಲಿನ ಅಂಚಿನ ಅಳತೆ ತೋರಿಸಿ ‘ನಾಲ್ಕು ಅಡಿ’ ಎನ್ನುವವರಿದ್ದಾರೆ. ಟೇಪು ಹಿಡಿಯಬೇಕಾದ್ದು ತಳಕ್ಕೆ. ಒದ್ದೆ ಬಲೆಯ ಜೊತೆ ಒಬ್ಬ ಒಂದೇ ಪಕ್ಕಕ್ಕೆ ವಾಲಿದಾಗ ಜೀವ ಕಾಯುವುದು ತಳದ ಅಗಲ.

---
ಬಾಕ್ಸ್: ಒಂದು ಇಂಚಿಗೆ ಎಷ್ಟು ಭಾರ?

ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ಚಪ್ಪಟೆ ತಳ ಒಂದು ಇಂಚು ಮುಳುಗಿದರೆ ಸರಿಸುವುದು ನಾಲ್ಕು ಘನ ಅಡಿ ನೀರು, ಅಂದರೆ ಸುಮಾರು 113 ಕೆ.ಜಿ. ದೋಣಿ 60, ಇಬ್ಬರು 130, ಒದ್ದೆ ಬಲೆ 30, ಮೀನು 50 ಎಂದಿಟ್ಟುಕೊಂಡರೆ ಒಟ್ಟು 270 ಕೆ.ಜಿ. ಮುಳುಗುವುದು ಎರಡೂವರೆ ಇಂಚಿನಷ್ಟು. ಪಕ್ಕೆಯ ಎತ್ತರ 20 ಇಂಚು ಇಡಿಸಿದರೆ, ವಾಲಿದಾಗಲೂ ನೀರು ಒಳನುಗ್ಗದಷ್ಟು ಅಂಚು ಮೇಲಿರುತ್ತದೆ.

---

ಬಲೆ ಸಿಕ್ಕಿಕೊಳ್ಳುವ ಜಾಗಗಳು

ಜಾಹೀರಾತಿನ ದೋಣಿ ಗಾಳ ಹಾಕುವವರದ್ದು. ಅಲ್ಲಿ ಕುರ್ಚಿ ಇರುತ್ತದೆ, ಗಾಳದ ಕೋಲು ಇಡಲು ಗೂಟಗಳಿರುತ್ತವೆ, ಅಂಚಿನುದ್ದಕ್ಕೂ ಕೊಕ್ಕೆಗಳಿರುತ್ತವೆ. ನಮ್ಮದು ಬಲೆಯ ಕೆಲಸ. ಹೊರಚಾಚಿದ ಒಂದು ಬೋಲ್ಟು ಸಾಕು, ನೈಲಾನ್ ಬಲೆ ಅದಕ್ಕೆ ಸಿಕ್ಕು, ಬಿಡಿಸಲು ಬಗ್ಗಿದವನ ಭಾರ ಒಂದೇ ಕಡೆ ಬಿದ್ದು, ಮುಂದಿನದು ಹೇಳಬೇಕಿಲ್ಲ.

ಆದ್ದರಿಂದ ದೋಣಿ ನೋಡಲು ಹೋಗುವಾಗ ಹಳೆಯ ಬಲೆಯ ತುಂಡೊಂದನ್ನು ಜೊತೆಗೆ ಒಯ್ಯಿರಿ. ಅಂಚಿನ ಮೇಲೆ, ಮೂಲೆಗಳಲ್ಲಿ, ಹಲಗೆಯ ಅಡಿಯಲ್ಲಿ ಎಳೆದು ನೋಡಿ. ಎಲ್ಲಿ ಸಿಕ್ಕಿತೋ ಅಲ್ಲಿ ಅರ ಹಾಕಿ ನಯ ಮಾಡಿಕೊಡಲು ಹೇಳಿ. ಅಂಚನ್ನು ಮಡಿಚಿ ಸುತ್ತಿದ್ದರೆ ಉತ್ತಮ. ಬರೀ ಕತ್ತರಿಸಿ ಬಿಟ್ಟ ತಗಡು ಬಲೆಯನ್ನೂ ಕೊಯ್ಯುತ್ತದೆ, ಅಂಗೈಯನ್ನೂ ಕೊಯ್ಯುತ್ತದೆ.

ನಡುವೆ ಅಡ್ಡ ಹಲಗೆ ಬೇಡ. ಬಲೆ ರಾಶಿ ಹಾಕಲು ಆ ಜಾಗ ಖಾಲಿ ಇರಬೇಕು. ಕೂರಲು ಮುಂದೊಂದು, ಹಿಂದೊಂದು ಹಲಗೆ ಸಾಕು. ಆದರೆ ನಡುವಿನ ಹಲಗೆ ತೆಗೆದರೆ ಪಕ್ಕೆಗಳು ಸಡಿಲವಾಗುತ್ತವೆ, ಅದಕ್ಕೆ ಬದಲಾಗಿ ತಳಕ್ಕೂ ಪಕ್ಕೆಗೂ ಅಡ್ಡಪಟ್ಟಿ ಹೆಚ್ಚು ಕೊಡಿಸಬೇಕು.

ತಗಡು ಸದ್ದು ಮಾಡುತ್ತದೆ. ಹುಟ್ಟು ತಾಗಿದರೂ ಕೆರೆಯ ಆ ತುದಿಗೆ ಕೇಳುತ್ತದೆ, ಮೀನು ಚದುರುತ್ತದೆ. ತೆಗೆದು ಒಣಗಿಸಬಹುದಾದ ರಬ್ಬರ್ ಹಾಸು ಹಾಕಿ. ಬಿಸಿಲಿಗೆ ತಗಡು ಕಾಯುತ್ತದೆ, ಬಣ್ಣ ಹೊಡೆಸುವುದಾದರೆ ತಿಳಿ ಬಣ್ಣವಿರಲಿ.

ಮುಳುಗಿದ ಮೇಲೂ ತೇಲಬೇಕು

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬಿದಿರಿನ ತೆಪ್ಪ ಪುಕ್ಕಟೆ ಕೊಡುತ್ತಿದ್ದ ಒಂದು ಗುಣವನ್ನು ತಗಡು ಕೊಡುವುದಿಲ್ಲ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ. ಒಳಗೆ ನೀರು ತುಂಬಿದ ಕ್ಷಣ ಅದು ಕೆರೆಯ ತಳಕ್ಕೆ ಹೋಗುತ್ತದೆ. ಫೈಬರ್ ಕೂಡ ಹಾಗೆಯೇ, ಒಳಗೆ ಗಾಳಿಯ ಜಾಗ ಮಾಡಿರದಿದ್ದರೆ. ಕಳೆದುಕೊಂಡ ಆ ಗುಣವನ್ನು ನಾವು ಕೇಳಿ, ದುಡ್ಡು ಕೊಟ್ಟು ವಾಪಸು ತುಂಬಿಸಿಕೊಳ್ಳಬೇಕು.

ಲೆಕ್ಕ ಸುಲಭ. 60 ಕೆ.ಜಿ. ದೋಣಿ ನೀರೊಳಗೆ ತೂಗುವುದು ಸುಮಾರು 38 ಕೆ.ಜಿ. ಒಂದು ಲೀಟರ್ ಗಾಳಿಯ ಜಾಗ ಹೆಚ್ಚುಕಡಿಮೆ ಒಂದು ಕೆ.ಜಿ. ಹೊರುತ್ತದೆ. 40 ಲೀಟರ್ ಬರೀ ದೋಣಿಗೇ ಹೋಯಿತು. ಅದನ್ನು ಹಿಡಿದು ತೇಲುವ ಒಬ್ಬೊಬ್ಬರಿಗೆ ಹತ್ತು ಹದಿನೈದು ಲೀಟರ್ ಸೇರಿಸಿ, ಮೇಲೆ ಸ್ವಲ್ಪ ಧಾರಾಳ ಬಿಟ್ಟರೆ 100 ಲೀಟರ್ ಆಗುತ್ತದೆ. ಎರಡು ಹಲಗೆಗಳ ಕೆಳಗೆ ಇಷ್ಟು ಜಾಗ ಖಂಡಿತ ಸಿಗುತ್ತದೆ. ನೀರು ಹೀರದ ಫೋಮ್ ತುಂಬಿಸಬಹುದು. ಅದೂ ಇಲ್ಲವೆಂದರೆ ಮುಚ್ಚಳ ಬಿಗಿದ 20 ಲೀಟರಿನ ಐದು ಕ್ಯಾನುಗಳನ್ನು ಅಲುಗಾಡದಂತೆ ಕಟ್ಟಬಹುದು. ಎರಡು ತುದಿಗೂ ಎರಡು ಪಕ್ಕಕ್ಕೂ ಸಮವಾಗಿ ಹಂಚಬೇಕು, ಇಲ್ಲದಿದ್ದರೆ ಒಂದು ಮೂತಿ ಮೇಲೆದ್ದು ಇನ್ನೊಂದು ಮುಳುಗುತ್ತದೆ. ಸಾಮಾನ್ಯ ಥರ್ಮಾಕೋಲ್ ಬೇಡ. ಅದು ವರ್ಷಗಳಲ್ಲಿ ನೀರು ಕುಡಿಯುತ್ತದೆ, ಪೆಟ್ರೋಲ್ ತಾಗಿದರೆ ಕರಗುತ್ತದೆ.

ಮಾಡಿದವರು ‘ಏನೂ ಆಗಲ್ಲ, ಮುಳುಗಲ್ಲ’ ಎನ್ನುತ್ತಾರೆ. ಆ ಮಾತನ್ನು ನೀರಿನಲ್ಲೇ ನೋಡಿ. ಸೊಂಟದುದ್ದದ ನೀರಿಗೆ ದೋಣಿ ಇಳಿಸಿ, ಅಂಚಿನ ತನಕ ನೀರು ತುಂಬಿ, ಇಬ್ಬರು ಅಂಚು ಹಿಡಿದು ತೂಗಿ. ಆಗಲೂ ಮಟ್ಟಸವಾಗಿ ತೇಲಿದರೆ ಬಾಕಿ ಹಣ ಕೊಡಿ.

ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮ ಜಿಲ್ಲೆಯ ನೆನಪುಗಳಿವೆ. 2016ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ತಾಲ್ಲೂಕಿನ ಹಾಡೋನಹಳ್ಳಿ ಬಳಿ ಗಣಪತಿ ಬಿಡಲು ಹೋದವರ ತೆಪ್ಪ ಮಗುಚಿ ಹತ್ತಕ್ಕೂ ಹೆಚ್ಚು ಯುವಕರು ಹೊಳೆಯ ಪಾಲಾದರು. ತೆಪ್ಪ ತಡೆಯುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ದೋಣಿಯ ಒಳಗೆ, ಕಣ್ಣಿಗೆ ಬೀಳುವ ಕಡೆ, ಎಷ್ಟು ಜನ ಎಂದು ಬಣ್ಣದಲ್ಲಿ ಬರೆಸಿ. ಹತ್ತುವವರಷ್ಟೇ ಲೈಫ್ ಜಾಕೆಟ್‌ಗಳನ್ನು ದೋಣಿಯ ಜೊತೆಗೇ ಕೊಳ್ಳಿ. ಈಜು ಬರುತ್ತದೆ ಎಂಬ ಧೈರ್ಯ ಬಲೆ ಕಾಲಿಗೆ ಸುತ್ತಿದಾಗ ಕೆಲಸಕ್ಕೆ ಬರುವುದಿಲ್ಲ.

ರಿವೆಟ್ಟೋ ವೆಲ್ಡಿಂಗೋ?

ತಗಡು ಯಾವುದೆಂದು ಕೇಳಿ. ಪಾತ್ರೆ ಮಾಡುವ ಅಲ್ಯೂಮಿನಿಯಂ ಮೆದು, ಕೊಳೆತ ಮರದ ಬುಡಕ್ಕೆ ತಾಗಿದರೂ ತಗ್ಗು ಬೀಳುತ್ತದೆ. ದೋಣಿಗೆ ಬಳಸುವುದು ಮೆಗ್ನೀಸಿಯಂ ಬೆರೆತ 5052 ಅಥವಾ 5083 ಎಂಬ ನಂಬರಿನವು. ಆ ನಂಬರು ಬಿಲ್ಲಿನಲ್ಲಿ ಬರೆದಿರಲಿ. ರಿವೆಟ್ ಹೊಡೆದ ದೋಣಿಗೆ ಪಕ್ಕೆ 1.6, ತಳ 2 ಮಿ.ಮೀ. ಇದ್ದರೆ ನಮ್ಮ ಕೆರೆಗೆ ನಡೆಯುತ್ತದೆ. ವೆಲ್ಡಿಂಗ್ ದೋಣಿಗೆ ಇನ್ನೂ ದಪ್ಪ ಬೇಕು, ಭಾರವೂ ಬೆಲೆಯೂ ಏರುತ್ತವೆ.

ವೆಲ್ಡಿಂಗ್ ಚೊಕ್ಕ, ಸೋರುವುದಿಲ್ಲ. ರಿವೆಟ್ ಕಾಲಕ್ರಮೇಣ ಸಡಿಲವಾಗಿ ಹನಿಯತೊಡಗುತ್ತದೆ. ಆದರೂ ಹಳ್ಳಿಯಲ್ಲಿರುವವರಿಗೆ ನಾನು ರಿವೆಟ್ ದೋಣಿಯನ್ನೇ ಹೇಳುತ್ತೇನೆ. ಸಡಿಲವಾದ ರಿವೆಟ್ಟನ್ನು ಸುತ್ತಿಗೆ ಹಿಡಿದು ನೀವೇ ಬಿಗಿ ಮಾಡಬಹುದು. ವೆಲ್ಡಿಂಗ್ ಬಿರುಕು ಬಿಟ್ಟರೆ ಗೇಟು, ಟ್ರ್ಯಾಕ್ಟರ್ ಟ್ರೈಲರ್ ಬೆಸೆಯುವ ಊರಿನ ವೆಲ್ಡಿಂಗ್ ಅಂಗಡಿ ಸಾಲದು, ಅದಕ್ಕೆ ಆರ್ಗಾನ್ ಗ್ಯಾಸಿನ ಯಂತ್ರ, ಪಳಗಿದ ಕೈ ಬೇಕು. ದೋಣಿಯನ್ನು ಶಿವಮೊಗ್ಗದಂಥ ಪೇಟೆಗೆ ಹೇರಿಕೊಂಡು ಹೋಗಬೇಕಾದೀತು.

ಮೋಟರಿನ ಆಸೆಗೂ ಒಂದು ಲೆಕ್ಕವಿದೆ. ಐವತ್ತು ಎಕರೆ ಕೆರೆ ಚೌಕವಾಗಿದ್ದರೆ ಒಂದು ಬದಿಗೆ ಸುಮಾರು 450 ಮೀಟರ್. ನಿಧಾನವಾಗಿ ಹುಟ್ಟು ಹಾಕಿದರೂ ಹತ್ತು ನಿಮಿಷದ ದಾರಿ. ತಾವರೆ ಬಳ್ಳಿ, ಅಂತರಗಂಗೆ ಸುತ್ತಿಕೊಂಡ ಮೋಟರಿನ ಪಂಖವನ್ನು ಬಿಡಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮುಂದೆಂದಾದರೂ ಬೇಕೆನಿಸಿದರೆ ಇರಲಿ ಎಂದು ಮೋಟರು ಸಿಕ್ಕಿಸುವ ಹಿಂಬದಿಯ ಗೋಡೆಯನ್ನು 15 ಇಂಚು ಎತ್ತರಕ್ಕೆ ತಗ್ಗಿಸಿ, ಗಟ್ಟಿ ಮಾಡಿಸಿಡಿ, ಸಾಕು.

ಸುಣ್ಣ, ಮೈಲುತುತ್ತ ದೂರವಿರಲಿ

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎನ್ನುತ್ತಾರೆ. ಕಬ್ಬಿಣದ ಹಾಗೆ ಹಿಡಿಯುವುದಿಲ್ಲ, ನಿಜ. ಆದರೆ ಅಡಿಕೆ ಸೀಮೆಯಲ್ಲಿ ಅದಕ್ಕೆ ಇಬ್ಬರು ಶತ್ರುಗಳಿದ್ದಾರೆ, ಇಬ್ಬರೂ ಒಂದೇ ಡ್ರಮ್ಮಿನಲ್ಲಿ ಸಿಗುತ್ತಾರೆ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತರೆ, ತೇವ ಸಿಕ್ಕಲ್ಲೆಲ್ಲ ಸೂಜಿಮೊನೆಯಂಥ ತೂತು ಕೊರೆಯುತ್ತ ಹೋಗುತ್ತದೆ. ಒದ್ದೆ ಸುಣ್ಣ ಲೋಹದ ಮೇಲಿನ ರಕ್ಷಾಪದರವನ್ನೇ ಕರಗಿಸುತ್ತದೆ. ಮಳೆಗಾಲದಲ್ಲಿ ಔಷಧಿ ಕಲಸುವ ಕೊಟ್ಟಿಗೆಯಲ್ಲಿ ದೋಣಿ ಇಡಬೇಡಿ. ಮೀನಿನ ಕೆರೆಗೆ ಸುಣ್ಣ ಎರಚುವ ಪದ್ಧತಿ ಇದೆಯಲ್ಲ, ಆ ಚೀಲವನ್ನು ಅಲ್ಯೂಮಿನಿಯಂ ದೋಣಿಯಲ್ಲಿ ಒಯ್ದರೆ ಅಂದೇ ಚೆನ್ನಾಗಿ ತೊಳೆಯಿರಿ. ಹಿತ್ತಾಳೆ, ತಾಮ್ರದ ಬೋಲ್ಟು ಹಾಕಿಸಬೇಡಿ. ಕೆಲಸ ಮುಗಿದ ಮೇಲೆ ಮಗುಚಿ, ಮಣ್ಣು ತಾಗದಂತೆ ಎರಡು ಒಣ ಮರದ ದಿಮ್ಮಿಯ ಮೇಲೆ ನೆರಳಿನಲ್ಲಿಡಿ.

ದುಡ್ಡಿನ ಮಾತು

ದೋಣಿಗೆ ಮುಂಗಡ ಕೊಡುವ ಮೊದಲು ಕೆರೆಯ ಹಕ್ಕು ಯಾರದೆಂದು ನೋಡಿಕೊಳ್ಳಿ. ಮೀನುಗಾರರ ಸಹಕಾರ ಸಂಘವೋ ಪಂಚಾಯಿತಿಯ ಹರಾಜು ಹಿಡಿದವರೋ ಗುತ್ತಿಗೆ ಹೊಂದಿದ್ದರೆ ಅವರ ಒಪ್ಪಿಗೆ ಇಲ್ಲದೆ ದೋಣಿ ಇಳಿಸುವಂತಿಲ್ಲ. ಗುತ್ತಿಗೆ ಇನ್ನೆಷ್ಟು ವರ್ಷ ಉಳಿದಿದೆ ಎಂಬುದನ್ನೂ ಕೇಳಿ. ಒಂದೇ ವರ್ಷ ಉಳಿದಿದ್ದರೆ ಕಾಯುವುದು ಲೇಸು.

2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ 60ರಷ್ಟು ನೆರವನ್ನು ನಿಗದಿ ಮಾಡಲಾಗಿದೆ. ನಿಮ್ಮ ತಗಡಿನ ದೋಣಿ ಆ ವರ್ಷದ ಪಟ್ಟಿಯೊಳಗೆ ಬರುತ್ತದೆಯೇ, ಫೈಬರ್ ಹರಿಗೋಲಿಗೆ ಮಾತ್ರ ಸಿಗುತ್ತದೆಯೇ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ, ಮಂಜೂರಾತಿ ಕೈಗೆ ಬಂದ ಮೇಲೆಯೇ ಖರೀದಿಸಿ. ಮೊದಲೇ ಕೊಂಡು ಬಿಲ್ಲು ಹಿಡಿದು ಹೋದರೆ ಸಹಾಯಧನ ಸಿಗದೆ ಹೋಗಬಹುದು.

ಎಲ್ಲರಿಗೂ ತಗಡಿನ ದೋಣಿ ಬೇಕೆಂದು ನಾನು ಹೇಳಲಾರೆ. ಐದಾರು ಎಕರೆಯ ಕೆರೆ, ಒಬ್ಬನೇ ದುಡಿಯುವ ಮನೆ, ವರ್ಷಕ್ಕೆ ನಾಲ್ಕೈದು ತಿಂಗಳ ಬಲೆ ಎಂದಾದರೆ ಗಾಳಿಯ ಜಾಗವಿರುವ ಫೈಬರ್ ತೆಪ್ಪ ಸಾಕು. ಬಿರುಕು ಬಿಟ್ಟರೆ ರಾಳ, ಗಾಜಿನ ಎಳೆಯ ಬಟ್ಟೆ ಹಾಕಿ ಮನೆಯಂಗಳದಲ್ಲೇ ತೇಪೆ ಹಚ್ಚಬಹುದು. ಉಳಿದ ದುಡ್ಡನ್ನು ಒಳ್ಳೆಯ ಮರಿಗೂ ಬಲೆಗೂ ಹಾಕಿ. ಇಬ್ಬರು ಮೂವರು ಸೇರಿ ದೊಡ್ಡ ಕೆರೆ ಹಿಡಿದವರು, ಅಂಜನಾಪುರದಂಥ ನೀರಿನಲ್ಲಿ ದಿನವೂ ಬಲೆ ಎತ್ತುವವರು ಅಲ್ಯೂಮಿನಿಯಂ ಮಾಡಿಸಲಿ. ಮಾಡಿಸುವುದಾದರೆ ಮಾಘ, ಫಾಲ್ಗುಣದಲ್ಲೇ ಅಳತೆ ಕೊಡಿ. ಕೆರೆಯಲ್ಲಿ ಸೊಂಟದುದ್ದ ನೀರಿರುವ ದಿನಗಳು ಅವು, ಮುಳುಗಿಸಿ ನೋಡಲು ಅದೇ ಸರಿಯಾದ ಆಳ.